ಮಳೆ ಪುಸ್ತಕವನ್ನೂ ಸ್ಕ್ಯಾನ್ ಮಾಡಿಸಿ: ಕಂದಾಯ ಸಚಿವರಿಗೂ ಪತ್ರಾಗಾರದ ನಿರ್ದೇಶಕರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

2023ರ ಆಗಸ್ಟ್ ಮುಗಿದಾಗ ಹವಾಮಾನ ಇಲಾಖೆ ಒಂದು ಮಾತು ಹೇಳಿತು: 1901ರಿಂದ ಈಚೆಗೆ ದೇಶದಲ್ಲಿ ಇಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಆ ವರ್ಷ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಸುದ್ದಿ ಓದಿದವರೆಲ್ಲ ‘ಅತಿ ಒಣ’ ಎಂಬುದನ್ನು ಗಮನಿಸಿದರು. ನನ್ನ ಕಣ್ಣು ನಿಂತದ್ದು ಆ 1901ರ ಮೇಲೆ. ಅದಕ್ಕೂ ಹಿಂದೆ ಮಳೆ ಅಳೆಯುವವರೇ ಇರಲಿಲ್ಲವೇ?

ಇದ್ದರು. 1870ರ ದಶಕದ ಹೊತ್ತಿಗಾಗಲೇ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿ ಜಿಲ್ಲೆಯ ತಾಲ್ಲೂಕು ಠಾಣೆಗಳಲ್ಲಿ ಮಳೆ ಅಳೆಯುವ ಏರ್ಪಾಡಿತ್ತು. ಬಳ್ಳಾರಿ, ಹೊಸಪೇಟೆ, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ. ಇವುಗಳ ಜೊತೆಗೆ ಈಗ ಆಂಧ್ರದಲ್ಲಿರುವ ಆದೋನಿ, ಆಲೂರು, ರಾಯದುರ್ಗ. ಕಚೇರಿಯ ಅಂಗಳದಲ್ಲಿ ಒಂದು ಮಳೆಮಾಪಕ. ಬೆಳಿಗ್ಗೆ ಅದರೊಳಗಿನ ನೀರನ್ನು ಅಳತೆಗಾಜಿಗೆ ಸುರಿದು, ಗೆರೆ ನೋಡಿ, ಪುಸ್ತಕದಲ್ಲಿ ಬರೆಯುವುದು. ಇಂಚು, ಇಂಚಿನ ನೂರನೇ ಭಾಗ. ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಕಾಫಿ ತೋಟದವರು ಇವತ್ತಿಗೂ ‘ಒಂದು ಇಂಚು ಇಪ್ಪತ್ತು ಸೆಂಟ್ ಬಿತ್ತು’ ಅನ್ನುತ್ತಾರಲ್ಲ, ಅದೇ ಲೆಕ್ಕ. ದೇಶ ಮಿಲಿಮೀಟರಿಗೆ ಹೋಗಿ ಎಷ್ಟೋ ವರ್ಷವಾದರೂ ತೋಟದ ಡೈರಿ ಮಾತ್ರ ಸೆಂಟ್ ಬಿಟ್ಟಿಲ್ಲ.

ಸರ್ಕಾರ ಮಳೆ ಅಳೆಸಿದ್ದು ರೈತನ ಮೇಲಿನ ಮಮತೆಯಿಂದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಜಮಾಬಂದಿ, ಅಂದರೆ ವರ್ಷದ ಕಂದಾಯದ ಲೆಕ್ಕ ತೀರ್ಮಾನಿಸುವ ಹೊತ್ತಿಗೆ ಯಾರಿಗೆ ಎಷ್ಟು ಕಂದಾಯ ಮಾಫಿ ಮಾಡಬೇಕು, ಬೆಳೆ ಎಷ್ಟು ಆಣೆ (ಪೂರ್ತಿ ಬೆಳೆಯಲ್ಲಿ ಎಷ್ಟು ಪಾಲು), ಊರವರು ‘ಮಳೆಯೇ ಇಲ್ಲ ಸ್ವಾಮಿ’ ಅಂದರೆ ಅದು ನಿಜವೋ ಸುಳ್ಳೋ, ಇವನ್ನೆಲ್ಲ ತೂಗಿ ನೋಡಲು ಕಚೇರಿಯ ಕೈಯಲ್ಲಿ ಒಂದು ಅಂಕಿ ಬೇಕಿತ್ತು. ಅಂದರೆ ಮಳೆ ಪುಸ್ತಕ ಹುಟ್ಟಿದ್ದೇ ಕಂದಾಯ ಇಲಾಖೆಯ ಮನೆಯಲ್ಲಿ. ಆದ್ದರಿಂದಲೇ ಈ ಪತ್ರ ಹವಾಮಾನ ಇಲಾಖೆಗಲ್ಲ, ನಿಮಗೆ.

ದಿನದಿನದ ಅಂಕಿ ತಿಂಗಳ ಕೊನೆಗೆ ಒಂದು ಮೊತ್ತವಾಗುತ್ತಿತ್ತು. ತಾಲ್ಲೂಕಿನ ಮೊತ್ತಗಳು ಜಿಲ್ಲೆಯ ಸರಾಸರಿಯಾಗುತ್ತಿದ್ದವು. ಅದು ಮದ್ರಾಸಿಗೆ ಹೋಗಿ ಪ್ರಾಂತ್ಯದ ವರದಿಯಲ್ಲಿ ಒಂದು ಸಾಲಾಗುತ್ತಿತ್ತು. ಅಚ್ಚಾಗಿ ಉಳಿದು ಇವತ್ತು ಸುಲಭವಾಗಿ ಕೈಗೆ ಸಿಗುವುದು ಈ ಮೇಲಿನ ಮೆಟ್ಟಿಲುಗಳೇ: ತಿಂಗಳ ಮೊತ್ತ, ವರ್ಷದ ಸರಾಸರಿ. ಗೆಜೆಟಿಯರುಗಳಲ್ಲಿ ಇರುವುದೂ ಅವೇ. ಕೆಳಗಿನ ಮೆಟ್ಟಿಲು, ಅಂದರೆ ಯಾವ ದಿನ ಎಷ್ಟು ಬಿತ್ತು ಎಂಬ ಹಾಳೆ, ಕಚೇರಿಯಲ್ಲೇ ಉಳಿಯಿತು. ನಾನು ಕೇಳುತ್ತಿರುವುದು ಆ ಹಾಳೆಯನ್ನು.

ತಿಂಗಳ ಪಟ್ಟಿಗಳು ದಂಡ ಎಂದು ನಾನು ಹೇಳುತ್ತಿಲ್ಲ. 1864ರ ಅಕ್ಟೋಬರಿನಲ್ಲಿ ಕಲ್ಕತ್ತಾವನ್ನು ಚಂಡಮಾರುತ ಬಡಿಯಿತು, 1866ರಲ್ಲಿ ಒಡಿಶಾದಲ್ಲಿ ಭೀಕರ ಬರ ಬಂತು. ಅವುಗಳ ಪೆಟ್ಟು ತಿಂದ ಮೇಲೆ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ದೇಶದ ಮೂಲೆಮೂಲೆಯ ಪಟ್ಟಿಗಳನ್ನು ಕೂಡಿಹಾಕಿ, ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ಸೊರಗುತ್ತದೆ ಎಂಬ ನಂಟನ್ನು 1884ರಲ್ಲಿ ಮುಂದಿಟ್ಟ. ಮುಂದೆ ಗಿಲ್ಬರ್ಟ್ ವಾಕರ್ ಪೆಸಿಫಿಕ್ ಸಾಗರದ ಆ ಕಡೆ ಈ ಕಡೆಯ ಗಾಳಿಯೊತ್ತಡದ ತೂಗಾಟವನ್ನು ನಮ್ಮ ಮುಂಗಾರಿಗೆ ಜೋಡಿಸಿದ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ 306 ಮಳೆ ಠಾಣೆಗಳ ಲೆಕ್ಕ ಇಟ್ಟುಕೊಂಡು 1871ರಿಂದ ಈಚೆಗಿನ ತಿಂಗಳುವಾರು ಮಳೆಯ ಸರಣಿಯನ್ನು ಕಟ್ಟಿದೆ. ಅದರಲ್ಲಿ ಉತ್ತರ ಒಳನಾಡು, ದಕ್ಷಿಣ ಒಳನಾಡು, ಕರಾವಳಿ ಎಂದು ನಮ್ಮ ನಾಡಿನ ಮೂರು ಭಾಗಗಳಿಗೂ ಬೇರೆ ಬೇರೆ ಸಾಲುಗಳಿವೆ. ಎಲ್ ನಿನೊ ಬಗ್ಗೆ, ಅಂದರೆ ಪೆಸಿಫಿಕ್ಕಿನ ನೀರು ಬಿಸಿಯೇರಿ ನಮ್ಮ ಮುಂಗಾರು ಸೊರಗುವುದರ ಬಗ್ಗೆ, ಇವತ್ತು ಟಿ.ವಿ.ಯಲ್ಲಿ ಮಾತಾಡುವವರೆಲ್ಲರೂ ಯಾವುದೋ ಕಾಲದ ಯಾವುದೋ ಕಚೇರಿಯ ಜವಾನ ಎತ್ತಿ ಹಿಡಿದ ಅಳತೆಗಾಜಿಗೆ ಒಂದಿಷ್ಟು ಋಣಿಗಳೇ.

ಆದರೆ ದಿನವಾರು ಲೆಕ್ಕದಲ್ಲಿ ದೇಶವನ್ನು ಚಿಕ್ಕಚಿಕ್ಕ ಚೌಕಗಳಾಗಿ ಹಂಚಿ ಹವಾಮಾನ ಇಲಾಖೆ ಕೊಡುವ, ಸಂಶೋಧಕರೆಲ್ಲ ಬಳಸುವ ಸರಣಿ ಶುರುವಾಗುವುದು 1901ರಿಂದ. ತಿಂಗಳ ಲೆಕ್ಕಕ್ಕೆ 1871, ದಿನದ ಲೆಕ್ಕಕ್ಕೆ 1901. ನಡುವಿನ ಈ ಮೂವತ್ತು ವರ್ಷ ಸಾಮಾನ್ಯ ವರ್ಷಗಳಲ್ಲ. ನಮ್ಮ ಸೀಮೆ ಕಂಡ ಅತಿ ಘೋರ ಬರ ಇದರಲ್ಲೇ ಇದೆ, ಶತಮಾನದ ಕೊನೆಯ 1896–97 ಮತ್ತು 1899–1900ರ ಬರಗಳೂ ಇದರಲ್ಲೇ ಇವೆ.

ತಿಂಗಳ ಮೊತ್ತ ಏನನ್ನು ಮುಚ್ಚಿಡುತ್ತದೆ ಎಂಬುದು ಒಣಬೇಸಾಯ ಮಾಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಳ್ಳಾರಿ ಸೀಮೆಯಲ್ಲಿ ವರ್ಷಕ್ಕೆ ಬೀಳುವುದೇ ಹತ್ತೊಂಬತ್ತು ಇಪ್ಪತ್ತು ಇಂಚು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನದು. ಒಂದು ಸೆಪ್ಟೆಂಬರಿನಲ್ಲಿ ಐದು ಇಂಚು ಎಂದು ಪಟ್ಟಿಯಲ್ಲಿದೆ ಅಂತಿಟ್ಟುಕೊಳ್ಳಿ. ಆ ಐದರಲ್ಲಿ ನಾಲ್ಕೂವರೆ ಇಂಚು ಎರಡನೇ ತಾರೀಖಿನ ಒಂದೇ ರಾತ್ರಿ ಸುರಿದಿದ್ದರೆ ಏನಾಗುತ್ತದೆ? ಎರೆ ಹೊಲದಲ್ಲಿ ನೀರು ಇಳಿಯುವ ಮೊದಲೇ ಬದು ಒಡೆದು ಹಳ್ಳ ಸೇರುತ್ತದೆ, ಜೊತೆಗೆ ಮೇಲ್ಮಣ್ಣನ್ನೂ ಕರೆದುಕೊಂಡು ಹೋಗುತ್ತದೆ. ಕೆಂಪು ಮಣ್ಣಿನ ಮಸಾರಿ ನೆಲದಲ್ಲಿ ಮೇಲ್ಪದರ ಗಟ್ಟಿಯಾಗಿ ಸಜ್ಜೆಯ ಮೊಳಕೆ ತಲೆ ಎತ್ತುವುದಿಲ್ಲ. ಆಮೇಲೆ ಇಪ್ಪತ್ತೆಂಟು ದಿನ ಬಿಸಿಲು. ಅದೇ ಐದು ಇಂಚು ವಾರಕ್ಕೊಂದು ಹದ ಮಳೆಯಾಗಿ ಬಂದಿದ್ದರೆ ಕೂರಿಗೆ ಹೂಡಿ ಬಿಳಿಜೋಳ ಬಿತ್ತಿ, ಎಡೆ ಹೊಡೆದು, ಸಂಕ್ರಾಂತಿ ದಾಟಿದ ಮೇಲೆ ರಾಶಿ ಮಾಡುವ ಮಾತು. ಎರಡೂ ವರ್ಷದ ಪಟ್ಟಿಯಲ್ಲಿ ಒಂದೇ ಅಂಕಿ. ಒಂದು ವರ್ಷ ಗುಳೆ, ಇನ್ನೊಂದು ವರ್ಷ ಸುಗ್ಗಿ.

ಇದು ಹಳೆಯ ಕಾಲದ ತಗಾದೆ ಮಾತ್ರ ಅಲ್ಲ. ಬರ ಘೋಷಿಸಲು ನೀವು ಇಂದು ಅನುಸರಿಸುವ ಕೇಂದ್ರದ 2016ರ ಕೈಪಿಡಿಯಲ್ಲೇ ಒಟ್ಟು ಮಳೆಯ ಕೊರತೆಯ ಜೊತೆಗೆ ಮಳೆಯಿಲ್ಲದೆ ಕಳೆದ ಸಾಲುಸಾಲು ವಾರಗಳನ್ನೂ ಎಣಿಸಬೇಕು ಎಂದಿದೆ. ಅಂದರೆ ಮೊತ್ತ ಸಾಲದು, ನಡುವಿನ ಬಿಡುವೂ ಗೊತ್ತಿರಬೇಕು ಎಂದು ಸರ್ಕಾರವೇ ಒಪ್ಪಿಕೊಂಡಿದೆ. ಮೂರು ನಾಲ್ಕು ವಾರದ ಬಿಡುವು ನಮ್ಮ ತಾಲ್ಲೂಕಿಗೆ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ, ಯಾವ ಮಳೆಯಲ್ಲಿ ಬರುತ್ತದೆ, ಈಗೀಗ ಹೆಚ್ಚಾಗಿದೆಯೋ ಅಥವಾ ನಮಗೆ ಹಾಗನ್ನಿಸುತ್ತಿದೆಯೋ? ತಿಂಗಳ ಪಟ್ಟಿಯನ್ನು ಎಷ್ಟು ಹಿಂಡಿದರೂ ಇದಕ್ಕೆ ಉತ್ತರ ಬರುವುದಿಲ್ಲ.

ಇನ್ನೊಂದು ತೊಡಕು ತಿಂಗಳದ್ದೇ. ನಮ್ಮ ರೈತರು ಮಳೆಯನ್ನು ಜೂನ್, ಜುಲೈ ಎಂದು ಲೆಕ್ಕ ಹಾಕಿದವರಲ್ಲ. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಎಂಬ ಮಾತು ನಿಜವೋ ಬರೀ ಗಾದೆಯೋ ಎಂದು ತೂಗಿ ನೋಡಬೇಕಾದರೆ ಮಘೆಯ ಆ ಎರಡು ವಾರದಲ್ಲಿ ಎಷ್ಟು ಬಿತ್ತು ಎಂದು ತಿಳಿಯಬೇಕು. ತಿಂಗಳ ಪಟ್ಟಿಯಲ್ಲಿ ಅದು ಆಗಸ್ಟಿನೊಳಗೆ ಕರಗಿಹೋಗಿರುತ್ತದೆ. ಹಸ್ತದ ಗತಿ ಇನ್ನೂ ಕೆಟ್ಟದ್ದು. ಹಿಂಗಾರಿ ಜೋಳದ ಹಣೆಬರಹ ಬರೆಯುವ ಈ ಮಳೆ ಸೆಪ್ಟೆಂಬರಿನ ಕೊನೆಗೆ ಹುಟ್ಟಿ ಅಕ್ಟೋಬರಿನ ಮೊದಲ ಹತ್ತು ದಿನದಲ್ಲಿ ಮುಗಿಯುತ್ತದೆ. ಪಟ್ಟಿ ಅದನ್ನು ನಡುವೆ ಕತ್ತರಿಸಿ ಅರ್ಧ ಒಂದು ತಿಂಗಳಿಗೆ, ಅರ್ಧ ಇನ್ನೊಂದು ತಿಂಗಳಿಗೆ ಹಂಚಿಬಿಡುತ್ತದೆ.

ಇಲ್ಲಿ ಒಂದು ಮಾತನ್ನು ನಮ್ಮ ಯುವ ಸಂಶೋಧಕರ ಕಿವಿಗೂ ಹಾಕುತ್ತೇನೆ. ಇಂದಿನ ಪಂಚಾಂಗದ ಮಳೆ ನಕ್ಷತ್ರದ ತಾರೀಖುಗಳನ್ನು ಹಾಗೆಹಾಗೇ 1876ಕ್ಕೆ ಹಚ್ಚಬಾರದು. ನಕ್ಷತ್ರದ ಲೆಕ್ಕಕ್ಕೂ ಇಂಗ್ಲಿಷ್ ಕ್ಯಾಲೆಂಡರಿಗೂ ನಡುವೆ ಶತಮಾನಕ್ಕೆ ಒಂದೂವರೆ ದಿನದಷ್ಟು ಜರುಗುತ್ತದೆ. ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯಾಗಿತ್ತು. ಈಗ ಸಂಕ್ರಾಂತಿ ಬೀಳುವುದು 14 ಅಥವಾ 15ಕ್ಕೆ. ಹಾಗೆಯೇ ಆಗಿನ ಹಸ್ತವೂ ಈಗಿನದಕ್ಕಿಂತ ಎರಡು ದಿನ ಮುಂಚೆ. ದಿನದ ಹಾಳೆ ಕೈಯಲ್ಲಿದ್ದರೆ ಇದನ್ನು ಸರಿಮಾಡಿಕೊಳ್ಳಬಹುದು. ತಿಂಗಳ ಮೊತ್ತದಲ್ಲಿ ಸರಿಮಾಡಲು ಏನೂ ಇರುವುದಿಲ್ಲ.

ಈಗ ಧಾತು ಸಂವತ್ಸರದ ಮಾತು. ನಮ್ಮ ಹಿರಿಯರು 1876–78ರ ಬರವನ್ನು ಕರೆದದ್ದು ಸಂವತ್ಸರದ ಹೆಸರಿನಿಂದ: ಧಾತು, ಅದರ ಬೆನ್ನಿಗೆ ಈಶ್ವರ. 1876ರಲ್ಲಿ ಮುಂಗಾರೂ ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. 1877ರಲ್ಲಿ ಪೆಸಿಫಿಕ್ಕಿನ ಅತಿ ಬಲವಾದ ಎಲ್ ನಿನೊಗಳಲ್ಲೊಂದು ಎದ್ದಿತು, ಮುಂಗಾರು ಮತ್ತೆ ಸತಾಯಿಸಿತು. ಸೆಪ್ಟೆಂಬರ್ ಹೊತ್ತಿಗೆ ಮಳೆ ಹಿಡಿದಾಗ ಎಷ್ಟೋ ಮನೆಗಳಲ್ಲಿ ಬಿತ್ತಲು ಬೀಜವೂ ಇರಲಿಲ್ಲ, ಹೂಡಲು ಎತ್ತೂ ಇರಲಿಲ್ಲ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412. ಹತ್ತು ವರ್ಷದ ಮೇಲೆ 1881ರಲ್ಲಿ 41,86,188. ಬಿಜಾಪುರ ಜಿಲ್ಲೆಯಲ್ಲಿ 1872ರಲ್ಲಿ 8 ಲಕ್ಷ 16 ಸಾವಿರ ಇದ್ದ ಜನ 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿದರು. (ಬರದ ಕಾಲದ ಕಾಗದಪತ್ರಗಳಲ್ಲಿ ಬಿಜಾಪುರ ಎಂದು ಹುಡುಕಿದರೆ ಜಿಲ್ಲೆ ಸಿಗುವುದಿಲ್ಲ, ಆಗ ಅದರ ಹೆಸರು ಕಲಾದಗಿ ಜಿಲ್ಲೆ.)

ಈ ಬರದಲ್ಲಿ ಸರ್ಕಾರಕ್ಕೆ ಸುದ್ದಿ ತಡವಾಗಿ ತಲುಪಿತು ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಂಗಳದಲ್ಲಿ ಮಾಪಕವಿತ್ತು, ತಂತಿ ವ್ಯವಸ್ಥೆಯಿತ್ತು. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಸಾಮ್ರಾಜ್ಞಿ ಎಂದು ಸಾರಲು ವೈಸ್‌ರಾಯ್ ಲಿಟ್ಟನ್ ದರ್ಬಾರು ನಡೆಸುವ ಹೊತ್ತಿಗೆ ದಕ್ಷಿಣದಲ್ಲಿ ಎರಡೂ ಮಳೆ ಹೋಗಿದ್ದವು. ಅದೇ ತಿಂಗಳು ಲಿಟ್ಟನ್ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್ ದಕ್ಷಿಣಕ್ಕೆ ಬಂದದ್ದು ಖರ್ಚಿಗೆ ಕಡಿವಾಣ ಹಾಕಲು. ಬರ ಕಾಮಗಾರಿಯಲ್ಲಿ ಕಲ್ಲು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕೆ.ಜಿ.ಗೂ ಕಡಿಮೆ ಧಾನ್ಯ ಮತ್ತು ಅಲ್ಪ ಕಾಸು ಸಾಕು ಎಂದು ಆತ ಗೊತ್ತುಮಾಡಿದ. ಮದ್ರಾಸಿನ ಆರೋಗ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್ ಇದು ಬದುಕಿಸುವ ಕೂಲಿಯಲ್ಲ ಎಂದು ಎದುರು ನಿಂತ. ಯಾವ ತಾಲ್ಲೂಕಿನಲ್ಲಿ ಯಾವ ದಿನದಿಂದ ಮಳೆ ನಿಂತಿತು, ಅದಾದ ಎಷ್ಟು ದಿನಕ್ಕೆ ಕಾಮಗಾರಿ ತೆರೆಯಿತು, ಆ ನಡುವೆ ಕಂದಾಯ ವಸೂಲಿ ಎಷ್ಟಾಯಿತು: ಈ ಮೂರನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಇಟ್ಟರೆ ಧಾತು ಬರದ ಚರಿತ್ರೆಯನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಕಾಮಗಾರಿಯ ಕಾಗದ, ವಸೂಲಿಯ ಕಾಗದ ಪತ್ರಾಗಾರಗಳಲ್ಲಿವೆ. ಮೊದಲನೆಯದಕ್ಕೆ ದಿನದ ಮಳೆ ಪುಸ್ತಕವೇ ಬೇಕು. ಹುಡುಕುವವರು ಫಸಲಿ, ಅಂದರೆ ಕಂದಾಯ ವರ್ಷದ ಲೆಕ್ಕ ಮರೆಯಬಾರದು, ಅಷ್ಟೆ: 1876ರ ಜುಲೈ 1ರಿಂದ 1877ರ ಜೂನ್ 30ರವರೆಗೆ ಫಸಲಿ 1286. ಮದ್ರಾಸ್ ಕಡೆಯ ಕಂದಾಯದ ಕಟ್ಟುಗಳ ಮೇಲೆ ಇರುವುದು ಆ ಅಂಕಿ.

‘ಆ ಕಾಲದ ಜವಾನ ಅಳೆದ ಮಳೆಯನ್ನು ನಂಬುವುದು ಹೇಗೆ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಕೇಳಲಿ. ಆ ಕಾಲದಲ್ಲಿ ಬೇರೆ ಬೇರೆ ಬಾಯಗಲದ ಮಾಪಕಗಳಿದ್ದವು. ಐದು ಇಂಚು ಬಾಯಿಯ ಮಾಪಕದ ನೀರನ್ನು ಎಂಟು ಇಂಚಿನದಕ್ಕೆ ಮಾಡಿದ ಅಳತೆಗಾಜಿಗೆ ಸುರಿದರೆ ಒಂದು ಇಂಚು ಮಳೆ ನಲವತ್ತು ಸೆಂಟಿಗೂ ಕಡಿಮೆ ಕಾಣುತ್ತದೆ. ಮಾಪಕವನ್ನು ಬೇವಿನ ಮರದ ಕೆಳಗೆ ಇಟ್ಟಿದ್ದರೆ ಒಂದು ಥರದ ತಪ್ಪು, ಗೋಡೆಯ ಮಗ್ಗುಲಿಗೆ ಇಟ್ಟಿದ್ದರೆ ಇನ್ನೊಂದು ಥರದ್ದು. ರಜೆಯ ದಿನ ಅಳೆಯದೆ ಮರುದಿನಕ್ಕೆ ಸೇರಿಸಿ ಬರೆಯುವ ಚಾಳಿಯಂತೂ ಜಗತ್ತಿನ ಎಲ್ಲ ಕಚೇರಿಗಳದ್ದು.

ಆದರೆ ನೋಡಿ, ಈ ಕಳ್ಳತನಗಳೆಲ್ಲ ಹಿಡಿಯಲು ಸಿಗುವುದು ದಿನದ ಹಾಳೆಯಲ್ಲೇ. ಭಾನುವಾರಗಳೆಲ್ಲ ಸೊನ್ನೆಯಾಗಿ ಸೋಮವಾರಗಳೆಲ್ಲ ದಪ್ಪಗಿದ್ದರೆ ವಿಷಯ ಗೊತ್ತಾಯಿತು. ಪಕ್ಕದ ಎರಡು ತಾಲ್ಲೂಕಿನಲ್ಲಿ ಜಡಿಮಳೆ ಹೊಡೆದ ದಿನ ಒಂದರಲ್ಲಿ ಮಾತ್ರ ಬರೀ ಅಡ್ಡಗೆರೆ ಇದ್ದರೆ ಅಂದು ಅಳೆಯಲಿಲ್ಲ ಎಂದೇ ಲೆಕ್ಕ. ಒಂದು ತಾಲ್ಲೂಕು ಕಚೇರಿಯಲ್ಲಿ, ಊರಿನ ಹೆಸರು ಬೇಡ, ಹಳೆಯ ಮಳೆ ಪುಸ್ತಕವೊಂದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ರೆಕಾರ್ಡ್ ರೂಮಿನವರು ಮೊದಲು ‘ಪಹಣಿನಾ, ಮ್ಯುಟೇಶನ್ನಾ?’ ಎಂದರು. ಮಳೆ ಪುಸ್ತಕ ಎಂದಾಗ ‘ಅದನ್ನು ಯಾರೂ ಕೇಳಿಲ್ಲ ಸರ್’ ಎನ್ನುತ್ತಾ, ಪಾಪ, ಏಣಿ ಹತ್ತಿ ಕೆಂಪು ಬಟ್ಟೆಯ ಗಂಟೊಂದನ್ನು ಇಳಿಸಿಕೊಟ್ಟರು. ಉದ್ದನೆಯ ಪುಸ್ತಕ, ಒಂದು ಪುಟಕ್ಕೆ ಒಂದು ತಿಂಗಳು, ಎಡಕ್ಕೆ ತಾರೀಖು, ಬಲಕ್ಕೆ ಷರಾ ಬರೆಯುವ ಜಾಗ. ಒಬ್ಬ ಗುಮಾಸ್ತ ಮಳೆ ಇಲ್ಲದ ದಿನಕ್ಕೆ ಸೊನ್ನೆ, ಅಳೆಯದ ದಿನಕ್ಕೆ ಅಡ್ಡಗೆರೆ ಹಾಕಿದ್ದಾನೆ. ಅವನ ಬದಲಿಗೆ ಬಂದವನ ಕೈಬರಹ ಶುರುವಾದಾಗಿನಿಂದ ಎಲ್ಲಕ್ಕೂ ಅಡ್ಡಗೆರೆಯೇ. ಅಚ್ಚಾದ ತಿಂಗಳ ಪಟ್ಟಿಯಲ್ಲಿ ಈ ಇಬ್ಬರೂ ಒಂದೇ. ಇವರಲ್ಲಿ ಒಬ್ಬನನ್ನು ನಂಬಬಹುದು, ಇನ್ನೊಬ್ಬನನ್ನು ಎಚ್ಚರದಿಂದ ಓದಬೇಕು ಎಂದು ಹೇಳುವುದು ಆ ಪುಟ ಮಾತ್ರ. ಷರಾದ ಸಾಲಿನಲ್ಲಿ ಅಲ್ಲಲ್ಲಿ ‘ಆಲಿಕಲ್ಲು’, ‘ಗುಡುಗು ಮಾತ್ರ’ ಎಂದೂ ಇತ್ತು. ಯಾವ ಸರಾಸರಿಯಲ್ಲಿ ಹುಡುಕುತ್ತೀರಿ ಇದನ್ನು?

ಮೈಸೂರು ಸಂಸ್ಥಾನದ ಕಥೆ ಸ್ವಲ್ಪ ಬೇರೆ, ಸ್ವಲ್ಪ ಹೆಮ್ಮೆಯದ್ದೂ ಹೌದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಉಸ್ತುವಾರಿಯಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳು ನಡೆದು, 1893ರಿಂದ ವರ್ಷವರ್ಷವೂ ವರದಿ ಅಚ್ಚಾಯಿತು. ಬ್ರಿಟಿಷ್ ಜಿಲ್ಲೆಗಳು ಎಲ್ಲವನ್ನೂ ಮದ್ರಾಸಿಗೋ ಮುಂಬಯಿಗೋ ಕಳಿಸಿ ಕೂತಿದ್ದಾಗ ಒಂದು ದೇಶೀಯ ಸಂಸ್ಥಾನ ತನ್ನ ಆಕಾಶದ ಲೆಕ್ಕವನ್ನು ತಾನೇ ಬರೆದಿಟ್ಟುಕೊಂಡಿತು. ಆದರೆ ಅದು ಕಾಣುವುದು ಶತಮಾನದ ಕೊನೆಯ ಏಳೆಂಟು ವರ್ಷವನ್ನು.

ಮಿಕ್ಕ ನಾಡಿನ ಮಳೆ ಎಲ್ಲೆಲ್ಲಿ ಚದುರಿದೆ ಎಂಬುದು ನಿಮಗೆ ಗೊತ್ತೇ ಇದೆ. ಧಾರವಾಡ, ಬೆಳಗಾವಿ, ಕಲಾದಗಿ ಮುಂಬಯಿ ಕಡೆಯವು. ಕಾರವಾರದ ಸೀಮೆ 1862ರವರೆಗೆ ಮದ್ರಾಸಿನದು, ಆಮೇಲೆ ಮುಂಬಯಿಯದು. ಮಂಗಳೂರು, ಬಳ್ಳಾರಿ ಮದ್ರಾಸಿನವು. ರಾಯಚೂರು, ಕಲಬುರಗಿ ನಿಜಾಮರ ಕೈಯಲ್ಲಿ. ಕೊಡಗಿಗೆ ತನ್ನದೇ ಕಮಿಷನರ್. ಬಳ್ಳಾರಿ ನಮ್ಮ ಜೊತೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಕಡೆ ಉಳಿದವು. ಒಂದೇ ಜಿಲ್ಲೆಯ ಒಂದೇ ಬರದ ಮಳೆಯನ್ನು ಓದಲು ಈಗ ಎರಡು ರಾಜ್ಯಗಳ ತಾಲ್ಲೂಕು ಕಚೇರಿಗೂ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರಕ್ಕೂ ಅಲೆಯಬೇಕು. ಪತ್ರಾಗಾರದ ನಿರ್ದೇಶಕರೇ, ಇದು ನಿಮ್ಮ ಪಾಲಿನ ಕೆಲಸ. ಚೆನ್ನೈ, ಮುಂಬಯಿ, ಹೈದರಾಬಾದಿನ ಪತ್ರಾಗಾರಗಳ ಜೊತೆ ಮಾತಾಡಿ ಕನ್ನಡ ಜಿಲ್ಲೆಗಳ ಮಳೆ ಕಡತಗಳ ಪಟ್ಟಿಯನ್ನಾದರೂ ತರಿಸಿ. ಕಾಗದ ಅಲ್ಲೇ ಇರಲಿ, ನಮಗೆ ಚಿತ್ರ ಸಾಕು.

ಸಚಿವರೇ, ನಿಮ್ಮ ಪಾಲಿನ ಕೆಲಸ ಇನ್ನೂ ಸುಲಭ, ಆದರೆ ತುರ್ತಿನದು. ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳಲ್ಲಿರುವ ಹಳೆಯ ಕಾಗದಗಳನ್ನು ‘ಭೂ ಸುರಕ್ಷಾ’ ಯೋಜನೆಯಲ್ಲಿ ಸ್ಕ್ಯಾನ್ ಮಾಡಿಸುತ್ತಿದ್ದೀರಿ. ಒಳ್ಳೆಯ ಕೆಲಸ, ಪುಟ ಕಳೆದುಹೋಗುವ, ಪುಟ ಬದಲಾಗುವ ರೋಗಕ್ಕೆ ಇದು ಮದ್ದು. ಆದರೆ ಯೋಜನೆಯ ಗುರಿ ಭೂದಾಖಲೆ. ಸ್ಕ್ಯಾನ್ ಮುಗಿದ ಮೇಲೆ ಯಾವುದೇ ಕಚೇರಿಯಲ್ಲಿ ಮುಂದಿನ ಮಾತು ಏನಿರುತ್ತದೆ ಎಂದು ಕಚೇರಿ ಬಲ್ಲವರಿಗೆಲ್ಲ ಗೊತ್ತು: ಜಾಗ ಖಾಲಿ ಮಾಡಿ. ಅವಧಿ ಮುಗಿದ ಕಡತ ಎಂಬ ಒಂದು ಚೀಟಿ ಬಿದ್ದರೆ ಮಳೆ ಪುಸ್ತಕ ತೂಕಕ್ಕೆ ಹೋಗುತ್ತದೆ. ಅದರ ಪರವಾಗಿ ಕೋರ್ಟಿಗೆ ಹೋಗುವ ವಾರಸುದಾರರು ಯಾರೂ ಇಲ್ಲ. ಪಹಣಿಗೆ ಇದ್ದಾರೆ, ಪೋಡಿಗೆ ಇದ್ದಾರೆ. 1876ರ ಹಸ್ತ ಮಳೆಗೆ ಯಾರಿದ್ದಾರೆ?

ಯಂತ್ರ ಬಂದಿದೆ, ಆಪರೇಟರ್ ಕೂತಿದ್ದಾನೆ, ಬಟ್ಟೆಯ ಗಂಟುಗಳು ಹೇಗೂ ಇಳಿದಿವೆ. ಅದೇ ಮೇಜಿನ ಮೇಲೆ ಮಳೆ ಪುಸ್ತಕವೊಂದನ್ನು ಇಡಲು ಹೊಸ ಟೆಂಡರ್ ಬೇಕಾಗಿಲ್ಲ. ತಾಲ್ಲೂಕಿಗೆ ವರ್ಷಕ್ಕೆ ಹನ್ನೆರಡು ಪುಟ. ಐವತ್ತು ವರ್ಷಕ್ಕೆ ಆರುನೂರು ಪುಟ. ಒಂದು ಹಳೆಯ ಸಿವಿಲ್ ವ್ಯಾಜ್ಯದ ಕಡತಕ್ಕಿಂತ ತೆಳು.

ಅಂಕಿಗಳನ್ನು ಕಂಪ್ಯೂಟರಿಗೆ ಹತ್ತಿಸುವವರು ಯಾರು ಎಂದರೆ ಅದಕ್ಕೂ ದಾರಿ ಇದೆ. 2020ರ ಮಾರ್ಚ್ ಕೊನೆಗೆ ಕೊರೊನಾದಿಂದ ಬ್ರಿಟನ್ನಿನ ಜನ ಮನೆಯಲ್ಲೇ ಕೂತಿದ್ದಾಗ, ರೆಡಿಂಗ್ ವಿಶ್ವವಿದ್ಯಾಲಯದ ಎಡ್ ಹಾಕಿನ್ಸ್ ಅಲ್ಲಿನ ಹಳೆಯ ಮಳೆ ಹಾಳೆಗಳ ಚಿತ್ರಗಳನ್ನು ಜಾಲದಲ್ಲಿಟ್ಟು ‘ಓದಿ, ಬರೆದುಕೊಡಿ’ ಎಂದರು. 16,000 ಜನ ಕೈಜೋಡಿಸಿ 65,000ಕ್ಕೂ ಹೆಚ್ಚು ಹಾಳೆಗಳನ್ನು 16 ದಿನದಲ್ಲಿ ಮುಗಿಸಿದರು. ಆ ದೇಶದ ಮಳೆಯ ಸರಣಿ 1836ರವರೆಗೆ ಹಿಂದಕ್ಕೆ ಸರಿಯಿತು. ಅವರು ಓದಿದ್ದು ತಿಂಗಳ ಮೊತ್ತಗಳನ್ನೇ. ನಾವು ಒಂದು ಮೆಟ್ಟಿಲು ಕೆಳಗಿಳಿದು ದಿನದ ಅಂಕಿಯನ್ನೇ ಓದಬಹುದು. ಕನ್ನಡ ಅಂಕಿ ಓದಬಲ್ಲ ಮೇಷ್ಟ್ರುಗಳಿದ್ದಾರೆ, ಧಾರವಾಡದ ಕಡೆ ಹಳೆಯ ಮೋಡಿ ಲಿಪಿ ಓದುವವರು ಇನ್ನೂ ಉಳಿದಿದ್ದಾರೆ, ಮಳೆಯ ಹುಚ್ಚು ಹಿಡಿದ ನಿವೃತ್ತ ಗ್ರಾಮ ಲೆಕ್ಕಿಗರಂತೂ ಊರಿಗೊಬ್ಬರು ಸಿಗುತ್ತಾರೆ. ಭೂಗೋಳದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇಲ್ಲ. ಈಗ ಮಾಡುತ್ತಿರುವುದು ಹೇಗೂ ಹಳೇ ಪ್ರಾಜೆಕ್ಟಿನ ಜೆರಾಕ್ಸ್.

ಪ್ರತಿ ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ನಿಲ್ಲಿಸಿದವರು ನಾವು. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಯಲಹಂಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪರದೆಯ ಮೇಲೆ ಹದಿನೈದು ನಿಮಿಷಕ್ಕೊಮ್ಮೆ ಊರೂರಿನ ಮಳೆ ಕಾಣುತ್ತದೆ. ಅಡಿಕೆಯ, ಮೆಣಸಿನ ವಿಮೆ ಅದರ ಅಂಕಿಯ ಮೇಲೆ ನಿಂತಿದೆ. ಇಷ್ಟೆಲ್ಲ ಇದ್ದೂ ‘ವಾಡಿಕೆ ಮಳೆ’ ಎಂಬುದನ್ನು ಕೆಲವೇ ದಶಕದ ಸರಾಸರಿಯಿಂದ ಅಳೆಯುತ್ತೇವೆ. ನೂರೈವತ್ತು ವರ್ಷದಲ್ಲಿ ನಮ್ಮ ತಾಲ್ಲೂಕು ಏನೇನು ಕಂಡಿದೆ ಎಂಬ ಲೆಕ್ಕ ಅದೇ ಕಚೇರಿಯ ಅಟ್ಟದ ಮೇಲಿದೆ.

ನನ್ನ ಕೋರಿಕೆ ಒಂದು ಸುತ್ತೋಲೆಯಷ್ಟು. ಮೊದಲ ಸುತ್ತಿಗೆ ಬಳ್ಳಾರಿ, ಹೊಸಪೇಟೆ, ಕೂಡ್ಲಿಗಿ, ಹೂವಿನಹಡಗಲಿ, ಹರಪನಹಳ್ಳಿ ತಹಶೀಲ್ದಾರರಿಗೆ ಕಳಿಸಿದರೂ ಸಾಕು. ರೆಕಾರ್ಡ್ ರೂಮಿನಲ್ಲಿ ಮಳೆ ದಾಖಲಾತಿ ಪುಸ್ತಕ, ದಿನವಹಿ, ತಿಂಗಳ ತಖ್ತೆ ಯಾವ ವರ್ಷದಿಂದ ಯಾವ ವರ್ಷದವರೆಗೆ ಇವೆ ಎಂದು ಮೂವತ್ತು ದಿನದೊಳಗೆ ಪಟ್ಟಿ ಕೊಡಲಿ. ಪಟ್ಟಿ ಬರುವವರೆಗೆ ಯಾವುದನ್ನೂ ವಿಲೇವಾರಿ ಮಾಡದಿರಲಿ. ಸ್ಕ್ಯಾನ್ ಮಾಡುವಾಗ ಷರಾದ ಸಾಲು ಕತ್ತರಿಸದೆ ಪೂರ್ತಿ ಪುಟ ಹಿಡಿಯಲಿ, ಖಾಲಿ ಪುಟವನ್ನೂ ಬಿಡದಿರಲಿ. ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಜಾಲತಾಣದಲ್ಲಿ ಇಡಲಿ. ಅರ್ಜಿ, ಚಲನ್, ‘ನಾಳೆ ಬನ್ನಿ’ ಯಾವುದೂ ಬೇಡ. ಮೂಲ ಪುಸ್ತಕಗಳು ಆಮೇಲೆ ಪತ್ರಾಗಾರಕ್ಕೆ ಹೋಗಲಿ.

ಈ ಪತ್ರಕ್ಕೆ ‘ಪರಿಶೀಲಿಸಲಾಗುವುದು’ ಎಂಬ ಹಿಂಬರಹ ನನಗೆ ಬೇಡ. ಸುತ್ತೋಲೆಯ ಸಂಖ್ಯೆ ಮತ್ತು ತಾರೀಖು ತಿಳಿಸಿದರೆ ಆ ಐದೂ ಕಚೇರಿಗೆ ನಾನೇ ಹೋಗಿ, ಏಣಿ ಹಿಡಿದು ನಿಲ್ಲುತ್ತೇನೆ.

ಇಂತಿ,
ಬಳ್ಳಾರಿ ಸೀಮೆಯ ಒಬ್ಬ ಒಣಬೇಸಾಯಗಾರ